ಬಾಯಿ ಸಣ್ಣದು ಮಾಡಿಸಿದ್ದು

ಹರಳೂರು ರೋಡಿನ ಹನ್ನೊಂದನೇ ಮಹಡಿಯಿಂದ
ಈ ಸ್ಟೌವು ನನ್ನ ಜೊತೆ ಸರ್ವೀಸ್ ಲಿಫ್ಟಿನಲ್ಲಿ ಇಳಿದು ಬಂತು.
ಒಂಬತ್ತು ವರ್ಷ ಅದರ ಮುಂದೆ ನಿಂತಿದ್ದೇನೆ.
ಎಡಗಡೆ ತಿರುಪು ಎಲ್ಲಿಗೆ ಬಂದಾಗ ಕೊಸರಾಡುತ್ತೆ ಅಂತ
ಆ ಮನೆಯವರಿಗೆ ಗೊತ್ತಿಲ್ಲ, ನನ್ನ ಹೆಬ್ಬೆಟ್ಟಿಗೆ ಗೊತ್ತು.
ಅವರಿಗೀಗ ಗಾಜಿನ ಒಲೆ ಬಂದಿದೆ, ಬೆಂಕಿಯೇ ಕಾಣದ್ದು.
"ಹೊಂಬಾಳಮ್ಮ, ಇದನ್ನ ನೀವೇ ತಗೊಂಡೋಗಿ" ಅಂದರು.
ಗಾರ್ವೇಭಾವಿಪಾಳ್ಯಕ್ಕೆ ಆಟೋದವನು ಇನ್ನೂರೈವತ್ತು ಕೇಳಿದ.
ಕೊಟ್ಟೆ.

ಅವತ್ತೇ ರಾತ್ರಿ ಸಿಲಿಂಡರಿಗೆ ಹಾಕಿ ಕಡ್ಡಿ ಗೀರಿದೆ.
ಭುಸ್ಸಂತ ಎದ್ದಿತು ಮೊಳದುದ್ದ ಹಳದಿ ಉರಿ,
ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಭಾನುವಾರ ಕರಕಲು.
ಹಾಲಿನ ಪಾತ್ರೆಯ ತಳ
ಸೀಮೆಎಣ್ಣೆ ಕಾಲಕ್ಕೆ ವಾಪಸು ಹೋಯಿತು.
ಮಗಳು ಕಿಟಕಿ ತೆಗೆದು ಸ್ಟೌವಿಗೇ ಬೈದಳು:
"ಅಲ್ಲಿ ಇಷ್ಟು ದಿನ ನೆಟ್ಟಗಿತ್ತಲ್ಲ,
ನಮ್ಮನೆ ಅಂದರೆ ಸದರ ಇದಕ್ಕೆ."

ಬೇಗೂರು ರೋಡಿನಲ್ಲಿ, ಕೋಳಿ ಅಂಗಡಿಗೂ ಜೆರಾಕ್ಸಿಗೂ ನಡುವೆ
ಅರ್ಧ ಶಟರಿನಷ್ಟು ಜಾಗ. ಅದರೊಳಗೆ ದಸ್ತಗೀರ್.
ಸ್ಟೌವನ್ನು ಬೋರಲು ಹಾಕಿಕೊಂಡ,
ಬೆವರುಸಾಲೆ ಎದ್ದ ಕೂಸಿನ ಬೆನ್ನು ನೋಡುವ ಹಾಗೆ.
"ಇದು ಪೈಪ್ ಗ್ಯಾಸಿಂದು ಅಕ್ಕಾ. ಬಾಯಿ ದೊಡ್ಡದು.
ಪೈಪಲ್ಲಿ ಬರೋದು ಹಗುರ ಹವಾ, ಮೆತ್ತಗೆ ಬರುತ್ತೆ,
ಬಾಯಿ ಅಗಲ ಇದ್ದರೇನೇ ಹೊಟ್ಟೆ ತುಂಬೋದು ಅದಕ್ಕೆ.
ಸಿಲಿಂಡರಿಂದು ಹಂಗಲ್ಲ. ಪ್ರೋಪೇನು, ಬ್ಯೂಟೇನು, ಭಾರದ ಮಾಲು,
ನೂಕ್ಕೊಂಡು ಬರುತ್ತೆ. ಅಷ್ಟಗಲ ಬಾಯಿ ಕೊಟ್ಟರೆ
ಉಗುಳುತ್ತೆ, ಉಣ್ಣಲ್ಲ."

ನನಗೆ ನಗು ಬಂತು.
ಒಂಬತ್ತು ವರ್ಷ ಆ ಅಡುಗೆಮನೆಯಲ್ಲಿ
ಬಾಯಿ ಮುಚ್ಚಿಕೊಂಡಿದ್ದವಳು ನಾನು,
ಬಿಟ್ಟುಕೊಂಡಿದ್ದು ಇದು.

"ಹಳೇದಕ್ಕೇ ಏನಾದರೂ ತುಂಬಿ ಸಣ್ಣ ಮಾಡಿಕೊಡಿ" ಅಂದೆ, ಉಳಿಯಲಿ ಅಂತ.
"ತೂತ ದೊಡ್ಡದು ಮಾಡೋದು ಸುಲಭ,
ಸಣ್ಣದು ಮಾಡಕ್ಕಾಗಲ್ಲ. ಹೊಸದೇ ಹಾಕಬೇಕು."
ಹಾರ್ಲಿಕ್ಸ್ ಬಾಟಲಿ ಕವುಚಿದ,
ಹಿತ್ತಾಳೆ ಜೆಟ್ಟುಗಳು ಕಡಲೆಕಾಳಿನ ಹಾಗೆ ಉರುಳಿದವು.
ಒಂದೊಂದನ್ನೇ ಬಲ್ಬಿಗೆ ಹಿಡಿದು ಒಂದು ಕಣ್ಣು ಮುಚ್ಚಿದ.
ನನಗೂ ತೋರಿಸಿದ:
ಹಳೇದರಲ್ಲಿ ಎದುರಿನ ಬೇಕರಿಯ ಬೋರ್ಡಿನ ಕೆಂಪು ಕಂಡಿತು,
ಹೊಸದರಲ್ಲಿ ಬೆಳಕಿನ ಒಂದು ಚುಕ್ಕಿ, ಅಷ್ಟೇ.

ಎರಡು ಬರ್ನರಿಗೆ ಮುನ್ನೂರ ನಲವತ್ತು, ಕೇಸರಿ ಟ್ಯೂಬು ಬೇರೆ.
ಸೋಪಿನ ನೊರೆ ಹಚ್ಚಿ ಕೂತು ನೋಡಿದ, ಗುಳ್ಳೆ ಏಳಲಿಲ್ಲ.
ಆಮೇಲೆ ದುಡ್ಡು ಎಣಿಸುತ್ತಾ, ಬೇರೇನೋ ಮಾತಿನ ಹಾಗೆ:
"ಪೈಪಿಂದು ಸೋರಿದರೆ ಮೇಲಕ್ಕೆ ಹೋಗಿ ಕಿಟಕಿ ಹುಡುಕ್ಕೊಳ್ಳುತ್ತೆ.
ಇದು ನೆಲಕ್ಕಿಳಿದು ಕೂತುಬಿಡುತ್ತೆ. ಕೆಳಗಡೆ ಗಾಳಿಗೆ ದಾರಿ ಇದೆಯಾ?"

ನಾವು ಮಲಗೋದೇ ನೆಲದ ಮೇಲೆ.
ಬಾಗಿಲ ಸಂದಿಯ ಗೋಣಿತಾಟು ಅವತ್ತೇ ತೆಗೆದೆ.
ರೆಗ್ಯುಲೇಟರು ಆರಿಸಿದೆನೋ ಇಲ್ಲವೋ ಅಂತ
ರಾತ್ರಿ ಎರಡು ಸಲ ಎದ್ದೆ.

ಹಳೇ ಜೆಟ್ಟು ಎರಡೂ ಸಾಸಿವೆ ಡಬ್ಬಿಯಲ್ಲಿವೆ.
ಮೇನ್ ರೋಡು ಅಗೆದು ಹಳದಿ ಕಲ್ಲು ನೆಟ್ಟು ಹೋಗಿದ್ದಾರೆ,
ಕೊಳವೆ ನಮ್ಮ ಕ್ರಾಸಿನ ತನಕ ಬಂದು
ಯಾಕೋ ಆ ಕಡೆಗೇ ತಿರುಗಿಕೊಂಡಿದೆ.
ಬಂದರೆ ಬರಲಿ. ಡಬ್ಬಿ ಇದೆ.

ಬೆಳಗಿನ ಜಾವ ನಾಲ್ಕೂವರೆಗೆ ಹಚ್ಚಿದೆ.
ನೀಲಿ. ಗೇಣಿಗಿಂತ ಗಿಡ್ಡ. ಸಣ್ಣಗೆ ಗುಂಯ್ ಅನ್ನುತ್ತಿತ್ತು.
ಎಸರು ಕಾದ ಮೇಲೆ ಹಿಟ್ಟು ಬಿಟ್ಟು ಕೋಲು ಹಾಕಿದೆ.
ಪಾಸ್ತಾ ಬೇಯಿಸಿದ್ದೀನಿ ಇದರ ಮೇಲೆ, ಓಟ್ಸು ಬೇಯಿಸಿದ್ದೀನಿ,
ನಾಯಿಗೆ ಕೋಳಿ ಬೇಯಿಸಿದ್ದೀನಿ,
ಮುದ್ದೆ ತೊಳಸಿರಲಿಲ್ಲ ಯಾವತ್ತೂ.
ಎರಡನೇ ಸುತ್ತಿಗೇ ಸ್ಟೌವು ಜರುಗಿತು.
ಅಭ್ಯಾಸ ಇಲ್ಲ ಪಾಪ.
ನಿದ್ದೆಗಣ್ಣಿನ ಮಗಳನ್ನು ಕೂಗಿದೆ:
ಬಾರೇ, ಆ ಕಡೆಯಿಂದ ಗಟ್ಟಿಯಾಗಿ ಹಿಡ್ಕೊ.